ಸಾಸಿವೆ ಡಬ್ಬಿಯ ಧರ್ಮ

ದುಡ್ಡು ಸಾಲದಾದಾಗ ಮೊದಲು ಯಾರ ಪಾಲನ್ನು ಕಡಿಮೆ ಮಾಡಬೇಕು? ಮನೆ ನಡೆಸುವ ನಮಗೆ ಈ ಪ್ರಶ್ನೆ ಹೊಸದಲ್ಲ. ತಿಂಗಳ ಕೊನೆಯಲ್ಲಿ ಗಂಡನ ಕಾಫಿ, ಮಕ್ಕಳ ಹಾಲು ನಿಲ್ಲುವುದಿಲ್ಲ. ನಮ್ಮ ಔಷಧಿ ಮಾತ್ರ ‘ಮುಂದಿನ ತಿಂಗಳು ನೋಡೋಣ’ ಎಂದು ಹಿಂದೆ ಸರಿಯುತ್ತದೆ. ಯಾರು ಬಾಯಿ ಬಿಡುವುದಿಲ್ಲವೋ ಅವರ ಪಾಲಿಗೇ ಕತ್ತರಿ. ಇದನ್ನು ಮಿತವ್ಯಯ ಎಂದು ಹೊಗಳುತ್ತೇವೆ. ಆದರೆ ಇದು ನ್ಯಾಯವೇ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳ ಆಯವ್ಯಯದ ಬಗ್ಗೆ ಓದುವಾಗಲೂ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ. ಇವು ಸಾರ್ವಜನಿಕ ಹಣದಿಂದ ನಡೆಯುವ, ಹೆಚ್ಚಾಗಿ ಎರಡು ವರ್ಷದ ಕಾಲೇಜುಗಳು. ಅಂಕ ಕಡಿಮೆಯೆಂದು ಬಾಗಿಲು ಹಾಕುವುದಿಲ್ಲ. ಹಗಲು ದುಡಿದು ಸಂಜೆ ಓದುವವರು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿದ ತಾಯಂದಿರು, ಇಂಗ್ಲಿಷ್ ಕಲಿಯಬೇಕಾದ ವಲಸಿಗರು, ಎಲ್ಲರಿಗೂ ಅಲ್ಲಿ ಜಾಗವಿದೆ.

ಈ ಕಾಲೇಜುಗಳ ಕಷ್ಟ ವಿಚಿತ್ರವಾದದ್ದು. ಊರಿಗೆ ಕೆಟ್ಟ ಕಾಲ ಬಂದಾಗ ಕೆಲಸ ಕಳೆದುಕೊಂಡವರು ಹೊಸ ಕಸುಬು ಕಲಿಯಲು ಇಲ್ಲಿಗೇ ಬರುತ್ತಾರೆ. ಅದೇ ಹೊತ್ತಿಗೆ ಸರ್ಕಾರದ ತೆರಿಗೆ ಕುಗ್ಗಿ ಅನುದಾನ ಇಳಿಯುತ್ತದೆ. ನೆಂಟರು ಹೆಚ್ಚಿದ ದಿನವೇ ಅಕ್ಕಿ ಮುಗಿದ ಹಾಗೆ! 2008ರ ಆರ್ಥಿಕ ಕುಸಿತದ ನಂತರ ಕ್ಯಾಲಿಫೋರ್ನಿಯಾದಲ್ಲಿ ಹೀಗೇ ಆಯಿತು. ಒಂದು ಯೂನಿಟ್ ಪಾಠಕ್ಕೆ 20 ಡಾಲರ್ ಇದ್ದ ಶುಲ್ಕ 2012ಕ್ಕೆ 46 ಆಯಿತು. ಬಡವರಿಗೆ ಶುಲ್ಕ ಮಾಫಿ ಇತ್ತು, ನಿಜ. ಆದರೆ ತರಗತಿಯನ್ನೇ ತೆಗೆದುಹಾಕಿದರೆ ಮಾಫಿ ಕಟ್ಟಿಕೊಂಡು ಏನು ಮಾಡುವುದು? ಸುಮಾರು 29 ಲಕ್ಷವಿದ್ದ ವಿದ್ಯಾರ್ಥಿಗಳಲ್ಲಿ ಕೆಲವೇ ವರ್ಷಗಳಲ್ಲಿ ಐದು ಲಕ್ಷದಷ್ಟು ಮಂದಿ ಕಡಿಮೆಯಾದರು. ಆಗಲೇ ಒಳಗಿದ್ದವರಿಗೆ ಸೀಟು ಮೊದಲು ಸಿಕ್ಕಿತು. ಹೊಸಬರು ಕಾಯುವವರ ಪಟ್ಟಿಯಲ್ಲೇ ಉಳಿದರು. ಒಳಗೆ ಬಾರದವರ ದೂರು ಯಾವ ಸಭೆಯಲ್ಲೂ ಕೇಳಿಸುವುದಿಲ್ಲ.

ಹಾಗಾದರೆ ಏನನ್ನೂ ಕಡಿಯದೆ ಕೊಡುತ್ತಲೇ ಹೋಗುವುದು ದಯೆಯೇ? ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಕಾಲೇಜಿನ ಕಥೆ ಅದಕ್ಕೆ ಉತ್ತರ ಹೇಳುತ್ತದೆ. ಅಲ್ಲಿ ಉಳಿಕೆ ಹಣ ತೀರಾ ಕಡಿಮೆಯಿತ್ತು. 2012ರಲ್ಲಿ ಮಾನ್ಯತೆ ನೀಡುವ ಮಂಡಳಿ ಹಣಕಾಸು, ಆಡಳಿತ ಎರಡರಲ್ಲೂ ಲೋಪ ಎತ್ತಿ ತೋರಿಸಿ, ಮಾನ್ಯತೆಯನ್ನು ಏಕೆ ಉಳಿಸಬೇಕೆಂದು ಕೇಳಿತು. ತಾನು ಓದಿದ್ದಕ್ಕೆ ನಾಳೆ ಬೆಲೆಯಿರುವುದೋ ಇಲ್ಲವೋ ಎಂಬ ಭಯಕ್ಕೆ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು. ಪೂರ್ಣ ಮಾನ್ಯತೆ ಮರಳಿ ಗಟ್ಟಿಯಾದದ್ದು 2017ರಲ್ಲಿ. ಲೆಕ್ಕವಿಲ್ಲದ ಔದಾರ್ಯದ ಪೆಟ್ಟು ಬಿದ್ದದ್ದೂ ಅದೇ ಬಡವರ ಮೇಲೆ.

ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಹಣ ಉಳಿಸಿಟ್ಟಿರಬೇಕು ಎಂಬುದು ಬಲ್ಲವರ ಸಲಹೆ. ಒಮ್ಮೆ ಮಾತ್ರ ಬರುವ ಹಣವನ್ನು ನಂಬಿ ಪ್ರತಿವರ್ಷದ ಸಂಬಳ ಹೊತ್ತುಕೊಳ್ಳಬಾರದು ಎಂಬುದು ಇನ್ನೊಂದು. 2020–21ರಲ್ಲಿ ಕೋವಿಡ್ ನೆರವಿನ ಹಣ ಬಂದಾಗಲೂ ಇದೇ ಎಚ್ಚರ ಬೇಕಾಗಿತ್ತು. ದೀಪಾವಳಿಯ ಬೋನಸ್ ನಂಬಿ ತಿಂಗಳ ಕಂತಿಗೆ ಸಹಿ ಹಾಕಬಾರದೆಂದು ನಮಗೆ ಯಾರಾದರೂ ಹೇಳಿಕೊಡಬೇಕೇ?

ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡನ್ನು ನಾವು ಜಾಣತನವೆನ್ನುತ್ತೇವೆ. ನನಗೆ ಅದು ಧರ್ಮವೆನಿಸುತ್ತದೆ. ಒಳ್ಳೆಯ ವರ್ಷದಲ್ಲಿ ಕಾಲೇಜು ಉಳಿಸಿದ ಹಣ, ಕೆಟ್ಟ ವರ್ಷದಲ್ಲಿ ಬರಲಿರುವ, ಇನ್ನೂ ಹೆಸರೇ ಗೊತ್ತಿಲ್ಲದ ಒಬ್ಬಾಕೆಯ ಪಾಲು. ಆಕೆ ಬಂದ ದಿನ ಅದನ್ನು ಖರ್ಚು ಮಾಡಲು ಕೈ ಹಿಂಜರಿದರೆ ಆ ಉಳಿತಾಯ ಬರೀ ಜಿಪುಣತನ. ಲೆಕ್ಕದ ಪುಸ್ತಕ ಬರೆಯುವವರು ಸಂಜೆಯ ತರಗತಿಯೊಂದನ್ನು ಅಳಿಸುವ ಮೊದಲು, ಹಗಲು ಬರಲಾಗದವರು ಯಾರೆಂದು ಒಮ್ಮೆ ಕೇಳಿಕೊಂಡರೆ ಸಾಕು. ಕತ್ತರಿ ಎಲ್ಲಿ ಆಡಬಾರದೆಂದು ತಾನಾಗಿ ತಿಳಿಯುತ್ತದೆ.