ಪರರ ಹೆಸರೂ ಪರಧನವೇ



ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರಲ್ಲಿ ಅರ್ಧ ಪಾಲು ಹಕ್ಕಿಗಳದ್ದು. ಆ ಹೆಸರನ್ನು ಊರು ಬಿಟ್ಟಿಯಾಗಿ ಪಡೆಯಲಿಲ್ಲ. ಹಿತ್ತಲ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಟ್ಟಿದರೆ, ಬಾಣಂತನಕ್ಕೆ ತವರಿಗೆ ಬಂದ ಮಗಳೆಂದೇ ಹಿರಿಯರು ಕಂಡರು. ಹಿಕ್ಕೆ ಬಿದ್ದ ಅಂಗಳವನ್ನು ಗೊಣಗದೆ ಗುಡಿಸಿದರು, ಕೊಂಬೆಗೆ ಮಚ್ಚು ತಾಗಿಸಲಿಲ್ಲ. ಸರ್ಕಾರ 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವ ಎಷ್ಟೋ ಮೊದಲೇ ಊರು ಆ ಹೆಸರಿನ ಋಣ ತೀರಿಸುತ್ತಿತ್ತು.

ಹೆಸರಿಗೆ ಋಣವಿದೆ ಎಂಬ ಈ ಪಾಠ ವ್ಯಾಪಾರಕ್ಕೂ ಸಲ್ಲುತ್ತದೆ. ಇಂದು ನಮ್ಮ ಯುವಕರು, ಸ್ತ್ರೀಶಕ್ತಿ ಸಂಘದವರು ಹೊಸ ವ್ಯಾಪಾರ ಶುರುಮಾಡಿ ಪತ್ರಿಕಾ ಪ್ರಕಟಣೆ ಕಳಿಸುತ್ತಾರೆ. ಬಹಳ ಸಂತೋಷ. ಅದರಲ್ಲಿ ‘ನಂದಿನಿ ತುಪ್ಪದಲ್ಲಿ ಮಾಡಿದ ಮೈಸೂರು ಪಾಕ್’ ಎಂದು ಬರೆದರೆ, ತುಪ್ಪ ಅದೇ ಆಗಿದ್ದರೆ, ಅದು ಸತ್ಯ. ಕೇಳದೆ, ಒಪ್ಪಂದವಿಲ್ಲದೆ ‘ನಂದಿನಿ ಸಹಯೋಗದಲ್ಲಿ’ ಎಂದು ಬರೆದರೆ ಅದು ಕದ್ದ ಮಾತು. ಸಹಕಾರಿ ಹಾಲು ಒಕ್ಕೂಟಗಳ ಆ ಹೆಸರಿನ ಹಿಂದೆ ನಸುಕಿನಲ್ಲೇ ಹಾಲು ಕರೆದು, ಡೇರಿಯ ಮುಂದೆ ಕ್ಯಾನು ಹಿಡಿದು ನಿಂತು, ಫ್ಯಾಟ್ ನೋಡಿಸಿ ಹಾಲು ಹಾಕುವ ಮನೆಮನೆಯ ದುಡಿಮೆ ಇದೆ. ನಮ್ಮ ಗೆಜ್ಜಲಗೆರೆಯಲ್ಲಿರುವ ಮಂಡ್ಯ ಹಾಲು ಒಕ್ಕೂಟದ (ಮನ್‌ಮುಲ್) ಡೇರಿಗೆ ಹೋಗುವುದೂ ಅದೇ ಹಾಲು. ಇರುವುದನ್ನು ಪ್ರಾಮಾಣಿಕವಾಗಿ ಹೇಳಲು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯೂ ಅವಕಾಶ ಕೊಡುತ್ತದೆ. ಇಲ್ಲದ ನಂಟನ್ನು ಇದೆಯೆಂದು ನಂಬಿಸಲು ಕೊಡುವುದಿಲ್ಲ.

ಶರಣೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ತಾಯಿ ಹೆಚ್ಚಿನದನ್ನು ಅಲ್ಲಿಗೇ ಹಿಂದಿರುಗಿಸಲು ಹೇಳಿದಳು. ಮನೆಯಲ್ಲಿ ಬಡತನವಿತ್ತು, ಆದರೂ ತಮ್ಮದಲ್ಲದ ಹಿಡಿಯಕ್ಕಿ ಅವಳಿಗೆ ಭಾರವಾಯಿತು. ಪ್ರಕಟಣೆಯಲ್ಲಿ ನುಸುಳುವ ‘ಸಹಯೋಗ’, ‘ಮಾನ್ಯತೆ’, ‘ಪಾಲುದಾರ’ ಎಂಬ ಪದಗಳೂ ಅಂಥ ಹೆಚ್ಚಿನ ಅಕ್ಕಿಯೇ. ಓದುವವರು ನಂಬುವುದು ನಿಮ್ಮನ್ನಲ್ಲ, ನೀವು ಎರವಲು ತಂದ ಹೆಸರನ್ನು. ನಾಳೆ ನಿಮ್ಮ ಸರಕು ಕೆಟ್ಟರೆ ಮಸಿ ಹತ್ತುವುದೂ ಆ ಹೆಸರಿಗೇ.

ಆದ್ದರಿಂದ ಮಕ್ಕಳೇ, ಕಳಿಸುವ ಮುನ್ನ ಬರೆದದ್ದನ್ನು ಆ ಹೆಸರಿನವರಿಗೆ ತೋರಿಸಿ, ಒಪ್ಪಿಗೆ ಪಡೆಯಿರಿ. ಅವರು ಆಡದ ಹೊಗಳಿಕೆಯನ್ನು ಅವರ ಬಾಯಿಗೆ ತುರುಕಬೇಡಿ. ನಿಮ್ಮದನ್ನು ಮೇಲೆತ್ತಲು ಅವರದನ್ನು ಹಳಿಯಬೇಡಿ. ಅವರು ಬೇಡವೆಂದರೆ ಆ ಸಾಲನ್ನು ಅಳಿಸಿ, ನಿಮ್ಮ ಊರಿನ ಹೆಸರನ್ನೇ ಬರೆಯಿರಿ. ಅದಕ್ಕೆ ತಕ್ಕಂತೆ ದುಡಿಯಿರಿ.