ಬಲ್ಲವರ ಮಾತಿನ ಎಲ್ಲೆ

ಲೋಕಸಭೆಯ ಚುನಾವಣೆ ಬಂದಿತೆಂದರೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿಗೆ ಪಾಠದ ಕೋಣೆಯ ಹೊರಗೂ ಕೇಳುಗರು ದೊರೆಯುತ್ತಾರೆ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳನ್ನು ಬಲ್ಲವರು ಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ರಾಷ್ಟ್ರದ ಪ್ರಶ್ನೆಗಳನ್ನು ಕುರಿತು ಅಭಿಪ್ರಾಯ ಕೊಡುತ್ತಾರೆ. ಸವದತ್ತಿ ತಾಲೂಕಿನ ಚಚಡಿಯಂಥ ಗ್ರಾಮದ ಒಕ್ಕಲುಮಗನು ತನ್ನ ಮನೆಯಲ್ಲಿಯೇ ಕುಳಿತು ಅದನ್ನು ಕೇಳುತ್ತಾನೆ. ಹೇಳುವವರ ಹೆಸರಿನ ಹಿಂದೆ ಒಂದು ವಿದ್ಯಾಪೀಠವಿದೆ. ಕೇಳುವವನಿಗೆ ಆ ಪೀಠದಲ್ಲಿ ಗೌರವವಿದೆ. ಆ ಗೌರವದಿಂದಲೇ ಒಂದು ನೈತಿಕ ಪ್ರಶ್ನೆ ಏಳುತ್ತದೆ: ವಿದ್ವಾಂಸನಾದವನು ತಾನು ಬಲ್ಲುದರ ಆಚೆಗೆ ಎಷ್ಟು ದೂರ ಮಾತನಾಡಬಹುದು?

ಇಂಥ ಸಮಯದಲ್ಲಿ ವಿದ್ವಾಂಸನಿಗೆ ಮೌನವೇ ಲೇಸೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಜನರ ತೆರಿಗೆಯಿಂದ ನಡೆಯುವ ವಿದ್ಯಾಪೀಠವು ಜನರಿಗೆ ಅರಿವು ಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡರೆ ಋಣವು ತೀರದೆ ಉಳಿಯುತ್ತದೆ. ಮಹಾದಾಯಿ ನೀರಿನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮಲಪ್ರಭೆಯ ಸೀಮೆಯಲ್ಲಿ ಚುನಾವಣೆ ಬಂದಾಗ ಈ ಮಾತು ಮೇಲೇಳದೆ ಇರುವುದಿಲ್ಲ. ೨೦೧೮ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ ೧೩.೪೨ ಟಿ.ಎಂ.ಸಿ. ನೀರನ್ನು ಹಂಚಿಕೊಟ್ಟಿತು. ಆದರೆ ಅದರಲ್ಲಿ ೮.೦೨ ಟಿ.ಎಂ.ಸಿ. ವಿದ್ಯುತ್ತಿನ ಉತ್ಪಾದನೆಗೆ, ೧.೫ ಟಿ.ಎಂ.ಸಿ. ಮಹಾದಾಯಿಯ ಕಣಿವೆಯೊಳಗಿನ ಬಳಕೆಗೆ. ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದುದು ೩.೯ ಟಿ.ಎಂ.ಸಿ. ಮಾತ್ರ. ವೇದಿಕೆಯ ಮೇಲಿನ ಭಾಷಣಕಾರನು ದೊಡ್ಡ ಸಂಖ್ಯೆಯನ್ನು ಹೇಳಿ ಇಳಿದುಹೋದರೆ, ಅದನ್ನು ಬಿಡಿಸಿ ತೋರಿಸಬೇಕಾದವನು ಬಲ್ಲವನೇ. ಆ ಕೆಲಸದಲ್ಲಿ ಆತನು ಯಾವ ಪಕ್ಷದ ಮುಖವನ್ನೂ ನೋಡಬೇಕಾಗಿಲ್ಲ.

ತೊಡಕು ಇರುವುದು ಬೇರೊಂದೆಡೆ. ೨೦೨೪ರ ಜೂನ್ ೧ರಂದು ಕೊನೆಯ ಹಂತದ ಮತದಾನ ಮುಗಿದ ಸಂಜೆ ಹೊರಬಿದ್ದ ಮತಗಟ್ಟೆ ಸಮೀಕ್ಷೆಗಳಲ್ಲಿ ಬಹುತೇಕವು ರಾಷ್ಟ್ರೀಯ ಪ್ರಜಾಸತ್ತಾತ್ಮಕ ಮೈತ್ರಿಕೂಟಕ್ಕೆ ೩೫೦ಕ್ಕೂ ಮಿಕ್ಕಿದ ಸ್ಥಾನಗಳನ್ನು ಹೇಳಿದವು. ಜೂನ್ ೪ರ ಎಣಿಕೆಯಲ್ಲಿ ಅದಕ್ಕೆ ಬಂದುದು ೨೯೩. ಸಂಖ್ಯೆಗಳನ್ನು ಲೆಕ್ಕಹಾಕಿದವರು ಸಮೀಕ್ಷೆಯ ಸಂಸ್ಥೆಗಳವರು. ಆದರೆ ಅವುಗಳಿಗೆ ಕಾರಣಗಳನ್ನು ಪೋಣಿಸಿದವರಲ್ಲಿ ಪ್ರಾಧ್ಯಾಪಕರೂ ಇದ್ದರು. ಊಹೆ ತಪ್ಪುವುದು ದೋಷವಲ್ಲ; ಮಳೆಯ ಊಹೆಯೂ ತಪ್ಪುತ್ತದೆ. ಎಣಿಕೆಗೆ ಮೊದಲು ಒಂದು ಫಲಕ್ಕೆ ಹೊಂದಿಸಿದ ಕಾರಣವನ್ನೇ ಎಣಿಕೆಯ ತರುವಾಯ ಬೇರೊಂದು ಫಲಕ್ಕೂ ಅದೇ ಧೈರ್ಯದಿಂದ ಹೊಂದಿಸುವುದು ದೋಷ. ಎರಡು ಕಡೆಗೂ ಸಮನಾಗಿ ಒಪ್ಪುವ ಕಾರಣವು ಏನನ್ನೂ ತಿಳಿಸಿದಂತಾಗಲಿಲ್ಲ.

ದೇಶವನ್ನು ಬಿಟ್ಟು ನಮ್ಮ ಭಾಗವನ್ನು ನೋಡಿದರೂ ಇದೇ ಆತುರ ಕಾಣುತ್ತದೆ. ಮುಂಬಯಿ ಕರ್ನಾಟಕವೆನಿಸಿದ್ದ ಏಳು ಜಿಲ್ಲೆಗಳಿಗೆ ರಾಜ್ಯ ಸರಕಾರವು ೨೦೨೧ರಲ್ಲಿ ಕಿತ್ತೂರು ಕರ್ನಾಟಕವೆಂದು ಹೆಸರಿಟ್ಟಿತು. ಹೆಸರು ಒಂದಾದುದರಿಂದ ಇಲ್ಲಿಯ ಮತದಾರರ ಮನಸ್ಸೂ ಒಂದೇ ಎಂದು ಒಂದು ವಾಕ್ಯದಲ್ಲಿ ತೀರ್ಪು ಕೊಡುವುದು ಸುಲಭ. ಆದರೆ ಹೆಸರನ್ನು ಕೊಟ್ಟ ಕಿತ್ತೂರೇ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರಿ, ಕಾರವಾರದ ಕಡಲತೀರದವರೊಡನೆ ಮತ ನೀಡುತ್ತದೆ. ನೆರೆಯ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಬೆಳಗಾವಿ ಕ್ಷೇತ್ರದಲ್ಲಿವೆ. ಅಕ್ಕಪಕ್ಕದ ಊರುಗಳೇ ಬೇರೆ ಬೇರೆ ಅಭ್ಯರ್ಥಿಗಳನ್ನು ತೂಗಿ ನೋಡುತ್ತಿರುವಾಗ ಏಳು ಜಿಲ್ಲೆಗಳ ಅಂತರಂಗವನ್ನು ಒಂದೇ ಮಾತಿನಲ್ಲಿ ಹಿಡಿದೆನೆನ್ನುವುದು ಸಾಹಸವೇ ಸರಿ.

ಎಚ್ಚರದಿಂದ ಆಡಿದ ಮಾತಿಗೂ ಅಪಾಯವಿದೆ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಲ್ಲಿಯ ಬಾಳನ್ನು ಅಭ್ಯಸಿಸಿದರು. ೧೯೫೫ರ ಪ್ರಬಂಧವೊಂದರಲ್ಲಿ ಅವರು ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಸಿದರು. ಊರಿನ ಯಜಮಾನನು ತನ್ನ ಹಂಗಿನಲ್ಲಿದ್ದವರ ಮತಗಳನ್ನು ಒಟ್ಟಾಗಿ ಕೊಡಿಸುವ ಏರ್ಪಾಡಿಗೆ ಅದು ಹೆಸರಾಗಿತ್ತು. ಇಂದು ಅದೇ ಮಾತು ಒಂದಿಡೀ ಜಾತಿಯನ್ನೋ ಧರ್ಮವನ್ನೋ ಹೀಗಳೆಯುವ ಆಯುಧವಾಗಿದೆ. ಕಂಡು ಆಡಿದ ಮಾತಿನ ಗತಿಯೇ ಹೀಗಾದರೆ ಕಾಣದೆ ಆಡಿದ ಮಾತಿನ ಗತಿಯೇನು?

ಕಲ್ಯಾಣದ ಆಯ್ದಕ್ಕಿ ಮಾರಯ್ಯನ ಕಥೆಯು ವಾಚಕರಿಗೆ ತಿಳಿದುದೇ. ಒಂದು ದಿನ ಆತನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದಳು. ಆ ಅಕ್ಕಿಯು ಕದ್ದುದಲ್ಲ. ಆದರೂ ಆ ದಿನದ ಕಾಯಕಕ್ಕೆ ಮೀರಿದುದಾಗಿತ್ತು. ವಿದ್ವತ್ತಿಗೂ ಇದೇ ಅಳತೆಯನ್ನು ಹಿಡಿಯಬೇಕು. ಪ್ರಮಾಣವು ಕೊಟ್ಟುದಕ್ಕಿಂತ ದೊಡ್ಡದಾದ ತೀರ್ಮಾನವು ಹೆಚ್ಚಾಗಿ ತಂದ ಅಕ್ಕಿಯಂತೆ. ಅದನ್ನು ಮರಳಿ ಸುರಿಯತಕ್ಕದ್ದು. ಕಂಡುದು ಯಾವುದು, ಊಹಿಸಿದುದು ಯಾವುದು, ತಾನು ಬಯಸುವುದು ಯಾವುದು ಎಂಬ ಮೂರನ್ನೂ ವಿದ್ವಾಂಸನು ಬೇರೆ ಬೇರೆಯಾಗಿ ಹೇಳಬೇಕು. ಒಂದು ಪಕ್ಷವನ್ನು ಬಯಸುವ ಹಕ್ಕು ಪ್ರಜೆಯಾಗಿ ಆತನಿಗೂ ಇದೆ. ಆ ಬಯಕೆಗೆ ಶಾಸ್ತ್ರದ ಉಡುಪನ್ನು ತೊಡಿಸುವ ಹಕ್ಕಿಲ್ಲ.

ಕೇಳುವವನೂ ಬರಿಯ ಪಾತ್ರೆಯಲ್ಲ. ೧೯೯೬ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರವೊಂದರಲ್ಲಿಯೇ ೪೫೬ ಅಭ್ಯರ್ಥಿಗಳಿದ್ದರು. ಪ್ರತಿಭಟನೆಗಾಗಿ ಜನರು ತಾವೇ ಗುಂಪುಗುಂಪಾಗಿ ಕಣಕ್ಕಿಳಿದಿದ್ದರು. ಆ ವರ್ಷವೇ ಠೇವಣಿಯ ಹಣವನ್ನು ೫೦೦ ರೂಪಾಯಿಗಳಿಂದ ೧೦,೦೦೦ ರೂಪಾಯಿಗಳಿಗೆ ಏರಿಸಲಾಯಿತು. ಅಂಥ ಪ್ರತಿಭಟನೆಯ ದಾರಿಯು ಬಡವನಿಗೆ ಬಹುಮಟ್ಟಿಗೆ ಮುಚ್ಚಿತು. ಆದರೂ ಈ ಜನರು ಮತ್ತೊಬ್ಬರ ಬಾಯಿಯಿಂದಲೇ ಮಾತನಾಡತಕ್ಕವರಲ್ಲವೆಂಬುದು ಅಂದು ತೋರಿಬಂದಿತು. ಆದುದರಿಂದ ಚಚಡಿಯ ಮತದಾರನು ವಿದ್ವಾಂಸನನ್ನು ತಿರಸ್ಕರಿಸುವುದೂ ಬೇಡ, ಕುರುಡಾಗಿ ನಂಬುವುದೂ ಬೇಡ. ‘ಇದು ನಿಮಗೆ ತಿಳಿದುದು ಹೇಗೆ?’ ಎಂದು ಕೇಳಲಿ. ನಿಜವಾಗಿ ಬಲ್ಲವನು ಆ ಪ್ರಶ್ನೆಗೆ ಮುನಿಯುವುದಿಲ್ಲ. ತಾನು ನೋಡಿದುದನ್ನು ತೋರಿಸಿ, ನೋಡದುದನ್ನು ನೋಡಿಲ್ಲವೆಂದು ಹೇಳಿ, ತೀರ್ಪನ್ನು ಮತದಾರನಿಗೇ ಬಿಡುತ್ತಾನೆ.