ಕೊಡದ ಜಿನ, ಕೊಡುವ ಅಮ್ಮ

ಶಿವಮೊಗ್ಗ ಜಿಲ್ಲೆಯ ಹೊಂಬುಜದಲ್ಲಿ ಶುಕ್ರವಾರ ಜನ ಕಿಕ್ಕಿರಿಯುವುದು ಪದ್ಮಾವತಿ ಅಮ್ಮನವರ ಗುಡಿಯಲ್ಲಿ. ಮಗಳ ಮದುವೆಯೋ, ಬಗೆಹರಿಯದ ಜಮೀನು ವ್ಯಾಜ್ಯವೋ, ಮನಸ್ಸಿನಲ್ಲಿ ಒಂದನ್ನು ನೆನೆದು ನಿಂತವರ ಕಣ್ಣೆಲ್ಲ ದೇವಿಯ ಬಲಗಡೆಯ ಹೂವಿನ ಮೇಲೆ. ಅದು ಉದುರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಬಸದಿಯ ತೀರ್ಥಂಕರ ಪಾರ್ಶ್ವನಾಥನಿಗೂ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಭಕ್ತಿಯಿಂದಲೇ ಕೈಮುಗಿಯುತ್ತಾರೆ. ಹರಕೆ ಮಾತ್ರ ಅಮ್ಮನಿಗೆ.

ಮುನಿಗಳ ಉಪದೇಶ ಬೇರೆಯೇ. ಜಿನ ವೀತರಾಗ. ಹೊಗಳಿದರೆ ಒಲಿಯುವುದಿಲ್ಲ, ತೆಗಳಿದರೆ ಮುನಿಯುವುದಿಲ್ಲ. ಅವನಿಗೆ ನಮಸ್ಕರಿಸುವುದು ಅವನ ಗುಣ ನಮ್ಮಲ್ಲೂ ಬರಲೆಂದು. ಕಟ್ಟಿಕೊಂಡ ಕರ್ಮವನ್ನು ನಾವೇ ಸವೆಸಬೇಕು. ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಇದು ಬಲು ಕಠಿಣವಾದ ಮಾತು. ಪದ್ಮಾವತಿಯಾದರೋ ಪಾರ್ಶ್ವನಾಥನ ಯಕ್ಷಿ, ಶಾಸನದೇವತೆ. ಅವಳಿನ್ನೂ ಸಂಸಾರದೊಳಗೇ ಇರುವವಳು, ಆದ್ದರಿಂದ ಒಲಿಯಬಲ್ಲಳು. ಅವಳಲ್ಲಿ ಬೇಡುವವರು ಜಿನತತ್ವ ಅರಿಯದವರೆಂದು ತಳ್ಳಿಹಾಕುವುದು ಅನ್ಯಾಯ. ಜಿನ ಕೊಡುವವನಲ್ಲ ಎಂದು ಅರಿತಿರುವುದರಿಂದಲೇ ಅವರು ಇವಳ ಬಳಿ ಬರುತ್ತಾರೆ.

ಹಾಗೆಂದು ತತ್ವ ಮುನಿಗಳದು, ಹರಕೆ ಜನರದು ಎಂದು ಗೆರೆ ಎಳೆಯಲು ಚರಿತ್ರೆ ಬಿಡುವುದಿಲ್ಲ. 939ರಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದಲ್ಲಿ ಕುಳಿತು, ತೀರ್ಥಂಕರ ಚಂದ್ರಪ್ರಭನ ಯಕ್ಷಿಯ ಮಂತ್ರ-ಯಂತ್ರಗಳನ್ನು ಹೇಳುವ ‘ಜ್ವಾಲಾಮಾಲಿನೀ ಕಲ್ಪ’ವನ್ನು ಬರೆದ ಇಂದ್ರನಂದಿ ಸ್ವತಃ ಮುನಿ. ಮುಂದಿನ ಶತಮಾನದಲ್ಲಿ ‘ಭೈರವ ಪದ್ಮಾವತೀ ಕಲ್ಪ’ ಬರೆದ ಮಲ್ಲಿಷೇಣನೂ ಅಷ್ಟೆ. ಇವರಿಬ್ಬರ ನಡುವೆ, 959ರಲ್ಲಿ, ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿ ಎಚ್ಚರಿಸಿದ: ಪೂಜೆಯಲ್ಲಿ ಜಿನನನ್ನೂ ಇಂಥ ದೇವತೆಗಳನ್ನೂ ಸಮನಾಗಿ ಕಾಣುವವನು ಅಧೋಗತಿಗೆ ಇಳಿಯುತ್ತಾನೆ. ಆದರೆ ಆ ದೇವತೆಗಳನ್ನು ಅವನೂ ಹೊರದಬ್ಬಲಿಲ್ಲ. ಸಮ್ಯಕ್ತ್ವಕ್ಕೆ, ಅಂದರೆ ಸರಿಯಾದ ಶ್ರದ್ಧೆಗೆ, ಹಾನಿಯಾಗದ, ವ್ರತ ಕೆಡಿಸದ ಲೋಕಾಚಾರಗಳೆಲ್ಲ ಜೈನರಿಗೆ ಒಪ್ಪಿತವೇ ಎಂದ. ಇಷ್ಟು ವಿವೇಕದ ಮಾತು ಧರ್ಮಗ್ರಂಥಗಳಲ್ಲಿ ಅಪರೂಪ.

ಉತ್ತರ ಭಾರತದಲ್ಲಿ ಪಾತ್ರಗಳೇ ಅದಲುಬದಲಾದವು. 17ನೆಯ ಶತಮಾನದ ಆಗ್ರಾದಲ್ಲಿ ಬನಾರಸೀದಾಸನಂಥ ವ್ಯಾಪಾರಿಗಳು ಆತ್ಮಚಿಂತನೆಯ ಗೋಷ್ಠಿ ಕೂಡಿದರು. ಅದೇ ಕಾಲದಲ್ಲಿ ರೂಪುಗೊಂಡ ದಿಗಂಬರ ತೇರಾಪಂಥದ ಗೃಹಸ್ಥರು ಮಠಾಧಿಪತಿಗಳಾದ ಭಟ್ಟಾರಕರ ಅಧಿಕಾರ ಒಲ್ಲೆವೆಂದರು; ಜಿನಪೂಜೆಗೆ ಹೂ ಏರಿಸುವುದನ್ನು ಬಿಟ್ಟರು, ಯಕ್ಷಿಯರ ಪೂಜೆಯನ್ನೂ ಬಿಟ್ಟರು. ಅಂಗಡಿ ನಡೆಸುವ ಶ್ರಾವಕ ಮಠದ ಗುರುವಿಗಿಂತ ಬಿಗಿಯಾಗಿ ತತ್ವ ಹಿಡಿದ. ಕರ್ನಾಟಕದಲ್ಲಿ ಭಟ್ಟಾರಕ ಪೀಠಗಳು ಉಳಿದವು, ಜೊತೆಗೆ ಯಕ್ಷಿಯರೂ ಉಳಿದರು. ಹೊಂಬುಜದಲ್ಲಿ ಜಿನತತ್ವದ ಪಾಠಕ್ಕೂ ಅಮ್ಮನ ಪೂಜೆಯ ಏರ್ಪಾಟಿಗೂ ಇಂದಿಗೂ ಹೊಣೆ ಒಂದೇ ಮಠದ್ದು.